ಬಾಜೂ ಮನೆಯವರ ಸಂದಿಯೊಳಗಿಂದ ಮೀಟರ್ ನಳ ಎಳೆಯಬಹುದೇ?

ಪ್ರಶ್ನೆ: ನಮ್ಮ ಮನಿ ರಸ್ತೆಯಿಂದ ಒಂದು 40 ಮೀಟರ್ ಒಳಗೈತ್ರಿ. ನಡುವ ಇರೋ ಸಂದಿ ಬಾಜೂದವರ ಜಾಗಾದಾಗ ಬರ್ತೈತಿ. ಅಜ್ಜನ ಕಾಲದಿಂದ ಅದರಾಗ ಓಡಾಡಕೋಂತ ಬಂದೇವಿ, ಯಾರೂ ಬ್ಯಾಡ ಅಂದಿಲ್ಲ. ಈಗ ರಸ್ತೆಗೆ ಹೊಸ ಪೈಪ್ ಬಂದೈತಿ, ಮನಿಗೊಂದು ಮೀಟರ್ ಕೊಡಾಕತ್ತಾರ. ಆದ್ರ ಸಂದಿ ಅಗಿಯಾಕ ಬಾಜೂದವರು ಬಿಡವಲ್ರು. ಆಫೀಸಿನಾಗ ಕೇಳಿದ್ರ ‘ಅದು ಖಾಸಗಿ ಜಾಗಾ, ನೀವ ಬಗೆಹರಿಸಿಕೊಂಡು ಬರ್ರಿ’ ಅಂತಾರ. ಓಡಾಡೋ ಹಕ್ಕ ಐತಿ ಅಂದಮ್ಯಾಲ ಪೈಪ್ ಹಾಕೋ ಹಕ್ಕೂ ಇರೂದಿಲ್ಲೇನ್ರಿ?

ಉತ್ತರ: ಇರುವುದಿಲ್ಲ. ಓಡಾಡುವ ಹಕ್ಕಿನ ಬೆನ್ನಿಗೆ ಪೈಪಿನ ಹಕ್ಕು ತಾನಾಗಿ ಬರುವುದಿಲ್ಲ. ಬೆಳಗಾವಿಯ ಶಹಾಪುರ, ವಡಗಾವಿ, ಅನಗೋಳದಂಥ ಹಳೆಯ ಭಾಗಗಳಲ್ಲಿ, ವಿಜಯಪುರದ ಕೋಟೆಯೊಳಗಿನ ಓಣಿಗಳಲ್ಲಿ ಈ ಪ್ರಶ್ನೆ ಏಳುವುದು ಇದೇ ಕಾರಣಕ್ಕೆ. ಅಕ್ಕಪಕ್ಕದ ಹಕ್ಕುಗಳನ್ನು ನೋಡಿಕೊಳ್ಳುವ 1882ರ ಈಸ್‌ಮೆಂಟ್ ಕಾಯ್ದೆಯ 28ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರಿರುವುದಿಲ್ಲ. ಕಾಲುದಾರಿಯ ಹಕ್ಕಿದ್ದವರಿಗೆ ಗಾಡಿ ಹೊಡೆಯುವ ಹಕ್ಕೇ ಸಿಗದಿರುವಾಗ, ನೆಲ ಅಗೆದು ಪೈಪ್ ಹುಗಿಯುವ ಹಕ್ಕು ಇನ್ನೂ ದೂರದ ಮಾತು. ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಆ ಹಕ್ಕನ್ನು ಬೇರೆಯಾಗಿ ಪಡೆಯಬೇಕು, ಪಡೆಯುವ ದಾರಿಗಳಿವೆ.

ಮೊದಲು ಆ ಸಂದಿ ನಿಜವಾಗಿ ಯಾರದ್ದೆಂದು ನೋಡಿ. ಬಾಜೂದವರದು ಎಂದು ಎಲ್ಲರೂ ಅಂದುಕೊಂಡಿರುವ ಎಷ್ಟೋ ಸಂದಿಗಳು ನಕಾಶೆಯಲ್ಲಿ ಅವರ ಹದ್ದಿನೊಳಗೆ ಇರುವುದೇ ಇಲ್ಲ. ಹಳೆಯ ಮುಂಬಯಿ ಪ್ರಾಂತ್ಯದ ಊರುಗಳಾದ್ದರಿಂದ ನಮ್ಮ ಕಡೆ ಸಿಟಿ ಸರ್ವೆ ದಾಖಲೆ ಇದೆ. ಇದು ದೊಡ್ಡ ಅನುಕೂಲ. ಸಿಟಿ ಸರ್ವೆ ಕಚೇರಿಯಲ್ಲಿ ನಿಮ್ಮ ಸಿಟಿಎಸ್ (ಸಿಟಿ ಸರ್ವೆ) ನಂಬರಿನ ಪಿಆರ್ ಕಾರ್ಡ್ (ಆಸ್ತಿಯ ದಾಖಲೆ ಪತ್ರ) ಜೊತೆಗೆ ಬಾಜೂದವರ ಪಿಆರ್ ಕಾರ್ಡ್, ಎರಡೂ ಜಾಗ ಕೂಡಿ ಕಾಣುವ ನಕಾಶೆಯ ನಕಲನ್ನು ತೆಗೆಸಿ. ಸಂದಿಗೆ ಯಾವ ನಂಬರೂ ಇಲ್ಲದೆ ರಸ್ತೆಗೆ ಕೂಡಿಕೊಂಡಂತೆ ತೋರಿಸಿದ್ದರೆ ಅದು ಸಾರ್ವಜನಿಕ ಓಣಿ ಎನ್ನಲು ಬಲವಾದ ಆಧಾರ. ಆಗ ಬಾಜೂದವರ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಬೇಕಾದದ್ದು ರಸ್ತೆ ಅಗೆತದ ಪರವಾನಗಿ ಮಾತ್ರ. ಸಂದಿಗೆ ಬೇರೆ ನಂಬರಿದ್ದು ಹೆಸರುಗಳು ಜಂಟಿಯಾಗಿದ್ದರೆ, ಅದರಲ್ಲಿ ನಿಮ್ಮ ಹಿರಿಯರ ಹೆಸರೂ ಇದೆಯೇ ನೋಡಿ. ಬಾಜೂದವರ ನಂಬರಿನೊಳಗೇ ಇದ್ದರೆ ಮಾತ್ರ ಅದು ಅವರ ಮಾಲ್ಕಿ. ಹೊಲದ ಸರ್ವೆ ನಂಬರಿನಲ್ಲಿ ಗುಂಟೆ ಲೆಕ್ಕದಲ್ಲಿ ಪ್ಲಾಟು ಕೊಂಡವರ ಪಾಡು ಬೇರೆ: ಅಲ್ಲಿ ದಾರಿಯ ಜಾಗ ಇನ್ನೂ ಮೂಲ ಹೊಲದವರ ಹೆಸರಿನಲ್ಲೇ ಉಳಿದಿರುತ್ತದೆ, ಒಪ್ಪಿಗೆ ಕೇಳಬೇಕಾದ್ದು ಅವರನ್ನು.

ಖರೇದಿ ಪತ್ರದ ಚಕ್ಕುಬಂದಿಯನ್ನು ಒಂದೊಂದು ದಿಕ್ಕೂ ಬಿಡದೆ ಓದಿ. ‘ಪೂರ್ವಕ್ಕೆ ಬೋಳ’ (ಅಂದರೆ ಸಂದಿ), ‘ದಕ್ಷಿಣಕ್ಕೆ ಜಂಟಿ ದಾರಿ’ ಎಂದು ಬರೆದಿದ್ದರೆ ಆ ಒಂದು ಸಾಲು ಹತ್ತು ಸಾಕ್ಷಿಗೆ ಸಮ, ಅದರಲ್ಲೂ ಬಾಜೂದವರ ಪತ್ರದಲ್ಲಿಯೂ ಅದೇ ಮಾತಿದ್ದರೆ.

ಇನ್ನೊಂದು ವಿಚಾರವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಆ ಎರಡೂ ಮನೆಗಳು ಹಿಂದೆ ಒಂದೇ ಮನೆತನದ್ದಾಗಿದ್ದು ವಾಟ್ನಿಯಲ್ಲಿ, ಅಂದರೆ ಆಸ್ತಿ ಪಾಲಾದಾಗ, ಬೇರೆಯಾಗಿವೆಯೇ? ಹಾಗಿದ್ದರೆ 13ನೇ ಕಲಮು ನಿಮ್ಮ ನೆರವಿಗೆ ಬರುತ್ತದೆ. ವಾಟ್ನಿಯಾದ ದಿನ ಕಣ್ಣಿಗೆ ಕಾಣುವಂತೆ, ನಿರಂತರವಾಗಿ ಇದ್ದ ಸೌಕರ್ಯ, ಅಂದರೆ ಆಗಲೇ ಇದ್ದ ನೀರಿನ ಪೈಪು ಅಥವಾ ಗಟಾರು, ಆ ಮನೆಯನ್ನು ಮೊದಲಿನಂತೆ ಅನುಭವಿಸಲು ಬೇಕಾಗಿದ್ದರೆ, ಪತ್ರದಲ್ಲಿ ಬರೆಯದಿದ್ದರೂ ಹಕ್ಕು ಮುಂದುವರಿಯುತ್ತದೆ. ಹಾಗೆಯೇ, ಮೀಟರ್ ಬರುವ ಮೊದಲೇ ಈ ಸಂದಿಯಲ್ಲಿ ನಿಮ್ಮ ಹಳೆಯ ಜಿಐ (ಕಬ್ಬಿಣದ) ಪೈಪು ಇತ್ತೇ ಎಂಬುದನ್ನೂ ಪತ್ತೆ ಹಚ್ಚಿ. ಯಾರ ಅನುಮತಿಯ ಮೇಲೂ ನಿಲ್ಲದೆ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಅದು ಅಲ್ಲಿದ್ದರೆ 15ನೇ ಕಲಮಿನ ಪ್ರಕಾರ ಪೈಪಿನ ಹಕ್ಕನ್ನೇ ಕೇಳಬಹುದು. ಪೈಪಿನ ಹಕ್ಕಿದ್ದವರು ದುರಸ್ತಿಗಾಗಿ ನೆಲ ಅಗೆಯಬಹುದು, ಆದರೆ ಮೇಲ್ಮೈಯನ್ನು ಮೊದಲಿನಂತೆ ಮಾಡಿಕೊಡಬೇಕು ಎಂದು 24ನೇ ಕಲಮು ಪೈಪಿನ ಉದಾಹರಣೆಯನ್ನೇ ಕೊಟ್ಟು ಹೇಳುತ್ತದೆ. ಹಳೆಯ ನೀರಿನ ಪಟ್ಟಿಯ ರಸೀದಿಗಳನ್ನು ರದ್ದಿಗೆ ಹಾಕಬೇಡಿ ಎನ್ನುವುದು ಇದಕ್ಕೇ. ಒಂದು ಎಚ್ಚರಿಕೆ: ಈ 20 ವರ್ಷದ ಅವಧಿ ದಾವೆ ಹೂಡುವ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕು. ಬಾಜೂದವರು ಪೈಪ್ ಕಿತ್ತು ಮೂರು ವರ್ಷವಾದ ಮೇಲೆ ಎಚ್ಚರಾದರೆ ಫಲವಿಲ್ಲ.

ಇದ್ಯಾವುದೂ ಇಲ್ಲ, ಜಾಗ ಪೂರ್ತಿ ಅವರದೇ ಎಂದಾದರೆ ಒಪ್ಪಿಗೆಯೇ ದಾರಿ. ಇಲ್ಲಿ ಜನ ಮಾಡುವ ದೊಡ್ಡ ತಪ್ಪು ನೂರು ರೂಪಾಯಿ ಬಾಂಡಿನ ಮೇಲೆ ‘ನನ್ನ ತಕರಾರು ಇಲ್ಲ’ ಎಂದು ಬರೆಸಿ, ನೋಟರಿ ಮಾಡಿಸಿ ಸುಮ್ಮನಾಗುವುದು. ಕಚೇರಿ ಆ ಕಾಗದವನ್ನು ತೆಗೆದುಕೊಳ್ಳಬಹುದು, ನಳವೂ ಬರಬಹುದು. ಆದರೆ ಕಾನೂನಿನ ಕಣ್ಣಿಗೆ ಅದು ಬರೀ ಪರವಾನಗಿ. ಅವರು ನಾಳೆ ಜಾಗ ಮಾರಿದರೆ ಕೊಂಡವರಿಗೆ ಆ ಒಪ್ಪಿಗೆ ತಗಲುವುದಿಲ್ಲ ಎಂದು 59ನೇ ಕಲಮು ಹೇಳುತ್ತದೆ. ಹತ್ತು ವರ್ಷದ ನಂತರ ಹೊಸ ಮಾಲೀಕರು ಪೈಪ್ ತೆಗೆಯಿರಿ ಎನ್ನುವುದು ಇಂಥಲ್ಲಿಯೇ. ಹಕ್ಕು ಜಾಗದ ಜೊತೆಗೇ ಉಳಿಯಬೇಕಾದರೆ ಈಸ್‌ಮೆಂಟ್ ಪತ್ರ ಮಾಡಿಸಿ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಇದಕ್ಕೆ ತಗಲುವ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಪತ್ರದಲ್ಲಿ ‘ಪೈಪ್ ಹಾಕಲು ಒಪ್ಪಿದ್ದೇನೆ’ ಎಂದಷ್ಟೇ ಬರೆಸಿದರೆ ಜಗಳ ಮುಂದಕ್ಕೆ ಹೋಗುತ್ತದೆ, ತೀರುವುದಿಲ್ಲ. ಎರಡೂ ಸಿಟಿಎಸ್ ನಂಬರು, ಪೈಪ್ ಹೋಗುವ ಸಾಲು ಯಾವ ಗೋಡೆಯಿಂದ ಎಷ್ಟು ದೂರ, ಆಳ, ಪೈಪಿನ ಅಳತೆ, ದುರಸ್ತಿಗೆ ಬರುವ ಮೊದಲು ಎಷ್ಟು ದಿನದ ಸೂಚನೆ, ಎಷ್ಟು ದಿನದೊಳಗೆ ನೆಲ ಮುಚ್ಚಿ ಕಾಂಕ್ರೀಟ್ ಹಾಕಿಕೊಡಬೇಕು, ಗೋಡೆ ಬಿರುಕು ಬಿಟ್ಟರೆ ಯಾರ ಖರ್ಚು, ಅವರು ಪೈಪಿನ ಮೇಲೆ ಏನನ್ನೂ ಕಟ್ಟಬಾರದು ಎಂಬ ಷರತ್ತು, ಇವೆಲ್ಲ ಇರಬೇಕು. ಕೈಯಲ್ಲಿ ಬರೆದ ನಕಾಶೆಗೂ ಇಬ್ಬರ ಸಹಿ ಹಾಕಿಸಿ ಪತ್ರಕ್ಕೆ ಜೋಡಿಸಿ.

ಬಾಜೂದವರು ಬೇಡ ಎನ್ನುವುದರ ಹಿಂದೆ ಹೆಚ್ಚಾಗಿ ನಿಜವಾದ ಹೆದರಿಕೆ ಇರುತ್ತದೆ. ಒಮ್ಮೆ ಅಗೆದವರು ಮತ್ತೆ ಮತ್ತೆ ಅಗೆಯುತ್ತಾರೆ, ಮಣ್ಣಿನ ಗಾರೆಯ ಕಲ್ಲುಗೋಡೆ ಕುಸಿಯುತ್ತದೆ, ನಾಳೆ ಜಾಗದ ಮೇಲೆ ಹಕ್ಕು ಕೇಳುತ್ತಾರೆ. ಮೊದಲಿನ ಎರಡಕ್ಕೂ ಕೆಲಸದ ರೀತಿಯಲ್ಲೇ ಉತ್ತರವಿದೆ. ಮೀಟರ್ ಪೈಪನ್ನು ನೇರವಾಗಿ ಹುಗಿಯುವ ಬದಲು 63 ಅಥವಾ 75 ಎಂಎಂನ ಹೊರಕವಚದ ಪೈಪನ್ನು ಹುಗಿದು, ಅದರೊಳಗೆ 25 ಅಥವಾ 32 ಎಂಎಂನ ನೀಲಿ ಎಂಡಿಪಿಇ (ಬಾಗುವ ಪ್ಲಾಸ್ಟಿಕ್) ಪೈಪನ್ನು ಎಲ್ಲೂ ಜೋಡಿಲ್ಲದೆ ಎಳೆಯಿರಿ. ಎರಡೂ ತುದಿಗೆ ಚಿಕ್ಕ ಚೇಂಬರ್ ಕಟ್ಟಿಸಿ. ಮುಂದೆ ಪೈಪ್ ಕೆಟ್ಟರೆ ಒಂದು ತುದಿಯಿಂದ ಹಳೆಯದನ್ನು ಎಳೆದು ಹೊಸದನ್ನು ತೂರಿಸಬಹುದು, ಸಂದಿಯ ಫರಸಿಗೆ ಕೈಹಚ್ಚಬೇಕಿಲ್ಲ. ‘ಜೀವಮಾನದಲ್ಲಿ ಒಂದೇ ಸಲ ಅಗೆಯುತ್ತೇವೆ’ ಎಂದು ಬರೆದುಕೊಟ್ಟಾಗ ಒಪ್ಪುವವರು ಬಹಳ. ಅಗೆತವನ್ನು ಅವರ ಗೋಡೆಯ ಬುನಾದಿಯಿಂದ ಕನಿಷ್ಠ 45 ಸೆಂಟಿಮೀಟರ್ ದೂರವಿಡಿ, ಬುನಾದಿಯ ತಳಕ್ಕಿಂತ ಕೆಳಗೆ ಇಳಿಯಬೇಡಿ, ಎರಡು ಮೂರು ಮೀಟರ್ ತುಂಡಾಗಿ ಅಗೆದು ಆವತ್ತೇ ಮುಚ್ಚಿ. ಮಳೆಗಾಲದಲ್ಲಿ ಇಡೀ ಸಂದಿ ತೆರೆದಿಟ್ಟರೆ ಹಳೆಯ ಗೋಡೆ ನಿಲ್ಲುವುದಿಲ್ಲ.

ಬರೀ ಕಾಲ್ನಡಿಗೆ, ಬೈಕು ಓಡಾಡುವ ಸಂದಿಗೆ 60 ಸೆಂಟಿಮೀಟರ್ ಆಳ ಸಾಕು, ಗಾಡಿ ಓಡಾಡುವ ರಸ್ತೆಯಡಿ ಒಂದು ಮೀಟರ್ ಬೇಕು. ಪೈಪಿನ ಕೆಳಗೆ, ಮೇಲೆ 10 ಸೆಂಟಿಮೀಟರ್ ಉಸುಕು ಹಾಕಿ. ವಿಜಯಪುರ, ಬಾಗಲಕೋಟೆಯ ಎರೆ ನೆಲದಲ್ಲಿ ಇದನ್ನು ತಪ್ಪಿಸಲೇಬಾರದು: ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಜೋಡುಗಳನ್ನು ಎಳೆದು ಬಿಚ್ಚುತ್ತದೆ. ಗಟಾರು ದಾಟುವಲ್ಲಿ ಪೈಪ್ ಗಟಾರಿನ ಒಳಗಿಂದ ಹಾಯಬಾರದು. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಸಣ್ಣ ತೂತಿದ್ದರೂ ಹೊರಗಿನ ಹೊಲಸು ಒಳಗೆ ಬರುತ್ತದೆ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿದರೆ ಅದು ಹೊಲಸನ್ನು ಹೀರಿಕೊಂಡೇ ಬಿಡುತ್ತದೆ.

ಪೈಪಿನ ಅಳತೆಯಲ್ಲಿ ಜಿಪುಣತನ ಬೇಡ. ನಿಮ್ಮ 40 ಮೀಟರ್ ದೂರಕ್ಕೆ 20 ಎಂಎಂ ಎಂಡಿಪಿಇ ಹಾಕಿ, ನಿಮಿಷಕ್ಕೆ 12 ಲೀಟರ್ ಹರಿಯುತ್ತದೆ ಎಂದಿಟ್ಟುಕೊಂಡರೆ, ಪೈಪಿನ ಒಳಗಿನ ಉಜ್ಜಾಟಕ್ಕೇ ಸುಮಾರು 4 ಮೀಟರ್ ಒತ್ತಡ ಹೋಗುತ್ತದೆ, ಅಂದರೆ ಒಂದು ಅಂತಸ್ತಿಗಿಂತ ಹೆಚ್ಚು. 25 ಎಂಎಂ ಹಾಕಿದರೆ ಅದು ಸುಮಾರು ಒಂದು ಮೀಟರಿಗೆ ಇಳಿಯುತ್ತದೆ, 32 ಎಂಎಂಗೆ ಅರ್ಧ ಮೀಟರಿಗಿಂತಲೂ ಕಡಿಮೆ. ಹಿಂದಿನ ಮನೆಗೆ ನೀರು ಏರುವುದಿಲ್ಲ ಎಂಬ ದೂರಿನ ಬೇರು ಅನೇಕ ಸಲ ಇಲ್ಲಿರುತ್ತದೆ.

ಮೀಟರ್ ಎಲ್ಲಿ ಕೂರಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಿ. ಸಂದಿಯ ಬಾಯಲ್ಲಿ, ರಸ್ತೆಯ ಅಂಚಿಗೆ ಕೂತರೆ ಮೀಟರ್ ಆದ ಮೇಲಿನ 40 ಮೀಟರ್ ಪೈಪಿನ ಸೋರಿಕೆಯೆಲ್ಲ ನಿಮ್ಮ ಬಿಲ್ಲಿಗೆ ಬರುತ್ತದೆ. ನಿಮ್ಮ ಬಾಗಿಲಲ್ಲಿ ಕೂತರೆ ಅದರ ಹಿಂದಿನ ಸೋರಿಕೆ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ರೀಡಿಂಗ್ ತೆಗೆಯಲು ಸುಲಭವೆಂದು ಕಚೇರಿಗಳು ಸಾಮಾನ್ಯವಾಗಿ ರಸ್ತೆಯ ಅಂಚನ್ನೇ ಬಯಸುತ್ತವೆ. ಸಂದಿಯಲ್ಲಿ ಮೂರು ನಾಲ್ಕು ಮನೆಗಳಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ಎಲ್ಲರೂ ಕೂಡಿ ಅರ್ಜಿ ಕೊಟ್ಟು, ಕಚೇರಿಯ ಕವಲು ಪೈಪೊಂದನ್ನೇ ಸಂದಿಯೊಳಗೆ ಹಾಕಿಸಿಕೊಂಡು ಬಾಗಿಲಿಗೊಂದು ಮೀಟರ್ ಪಡೆಯುವುದು. ನಾಲ್ಕು ಪೈಪ್ ಒಟ್ಟಿಗೆ ಹುಗಿಯುವುದಕ್ಕಿಂತ ಇದೇ ಲೇಸು.

ಎಲ್ಲೇ ಕೂರಲಿ, ಮನೆಬಳಕೆಯ 15 ಎಂಎಂ ಮೀಟರ್ ಮುಖ ಮೇಲಾಗಿ, ಮಟ್ಟಸವಾಗಿ, ಬಾಣ ಮನೆಯ ಕಡೆಗಿರುವಂತೆ ಇರಬೇಕು. ಮೊದಲು 15 ಸೆಂಟಿಮೀಟರ್, ಆಮೇಲೆ ಏಳೂವರೆ ಸೆಂಟಿಮೀಟರ್ ನೆಟ್ಟಗಿನ ಪೈಪ್ ಬಿಡಿ. ಎಲ್ಬೋ ಬೆನ್ನಿಗೇ ಮೀಟರ್ ಹಚ್ಚಿದರೆ ನೀರು ಸುತ್ತುತ್ತಾ ಬಂದು ಲೆಕ್ಕ ತಪ್ಪಬಹುದು. ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ ಸಾವಿರ ಲೀಟರ್. ಕೆಂಪು ಅದರ ಕೆಳಗಿನ ಲೆಕ್ಕ. ಕೂರಿಸಿದ ದಿನವೇ ಮೀಟರ್ ನಂಬರ್, ಅಂಕಿ ಎರಡೂ ಕಾಣುವಂತೆ ಫೋಟೋ ತೆಗೆದಿಡಿ. ಆ ರಾತ್ರಿ ಎಲ್ಲ ನಳ ಬಂದ್ ಮಾಡಿ, ತೊಟ್ಟಿಯ ಬಾಲ್ ವಾಲ್ವ್ ಮುಂದಿನ ಕಾಕನ್ನೂ ಮುಚ್ಚಿ ಅಂಕಿ ಬರೆದುಕೊಳ್ಳಿ. ಬೆಳಿಗ್ಗೆಗೆ ಅದು ಸರಿದಿದ್ದರೆ ಮೀಟರ್ ಆದ ಮೇಲಿನ ಪೈಪ್ ಎಲ್ಲೋ ಸೋರುತ್ತಿದೆ. ಆದರೆ ಈ ಪರೀಕ್ಷೆಗೆ ರಾತ್ರಿಯಿಡೀ ನೀರಿನ ಒತ್ತಡ ಇರಬೇಕು. ಬೆಳಗಾವಿಯಲ್ಲಿ ಮೊದಲ ಸಲ ದಿನವಿಡೀ ನೀರು ಬಂದ ಹತ್ತು ವಾರ್ಡುಗಳಂಥ ಕಡೆ ಇದು ಸರಿಹೋಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಕಡೆ, ನೀರು ಬಂದ ಹೊತ್ತಿನಲ್ಲೇ ಅರ್ಧ ಗಂಟೆ ಎಲ್ಲ ಮುಚ್ಚಿ ನೋಡಬೇಕು. ಅಂಥ ಕಡೆ ನೀರಿಗಿಂತ ಮೊದಲು ನುಗ್ಗುವ ಗಾಳಿಯೂ ಮೀಟರನ್ನು ತಿರುಗಿಸುತ್ತದೆ.

ಇನ್ನು ಕಚೇರಿಯ ಕೆಲಸ. ನಳದ ಮಂಜೂರಿ ನೀರಿನ ವಿಭಾಗದ್ದು, ರಸ್ತೆ ಅಗೆತ ಎಂಜಿನಿಯರಿಂಗ್ ವಿಭಾಗದ್ದು, ಸಂದಿ ಸಾರ್ವಜನಿಕವೋ ಅಲ್ಲವೋ ಎಂಬುದು ಬೇರೆಯೇ ತೀರ್ಮಾನ. ಒಂದೇ ಅರ್ಜಿಯಲ್ಲಿ ಮೂರನ್ನೂ ಕಲಸಿದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ನಿಮ್ಮ ಜಾಗ ಯಾರ ಆಡಳಿತದಲ್ಲಿದೆ ಎಂಬುದನ್ನೂ ಮೊದಲೇ ಖಾತ್ರಿ ಮಾಡಿಕೊಳ್ಳಿ: ಬೆಳಗಾವಿಯ ಕ್ಯಾಂಪ್ ಭಾಗ ಪಾಲಿಕೆಯದಲ್ಲ, ಕಂಟೋನ್ಮೆಂಟ್ ಬೋರ್ಡಿನದು. ಬಾಗಲಕೋಟೆಯ ನವನಗರವನ್ನು ಕಟ್ಟಿದ್ದು ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ), ಸೆಕ್ಟರಿನ ಮೂಲ ನಕಾಶೆ ಸಿಗುವುದು ಅವರಲ್ಲಿ.

‘ಬಗೆಹರಿಸಿಕೊಂಡು ಬರ್ರಿ’ ಎಂಬ ಬಾಯಿಮಾತಿಗೆ ತಿರುಗಿ ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಆಗುವುದಿಲ್ಲವೆಂದರೆ ಕಾರಣ ಬರೆದ ಹಿಂಬರಹ ಕೇಳಿ. ಆ ಹಿಂಬರಹವೇ ಮೇಲಿನವರ ಬಳಿಗೆ, ಕೋರ್ಟಿಗೆ ಹೋಗಲು ಆಧಾರ. ಸಂದಿಗೆ ಹಿಂದೆ ಸರಕಾರಿ ಹಣದಲ್ಲಿ ಕಾಂಕ್ರೀಟ್, ಗಟಾರು, ಬೀದಿದೀಪ ಆಗಿದ್ದರೆ ಆ ಕಾಮಗಾರಿಯ ಕಡತ, ಸಭೆಯ ಠರಾವಿನ ನಕಲನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಖಾಸಗಿ ಜಾಗಕ್ಕೆ ಸಾರ್ವಜನಿಕ ಹಣ ಹೇಗೆ ಹಾಕಿದರು ಎಂಬ ಪ್ರಶ್ನೆಗೆ ಆಗ ಕಚೇರಿಯೇ ಉತ್ತರಿಸಬೇಕಾಗುತ್ತದೆ.

ಬಾಜೂದವರು ಏನು ಮಾಡಿದರೂ ಒಪ್ಪದಿದ್ದರೆ ಎರಡು ಬಾಗಿಲುಗಳು ಉಳಿಯುತ್ತವೆ. ನೋಟಿಸ್ ಕೊಟ್ಟು, ಆದಷ್ಟು ಕಡಿಮೆ ತೊಂದರೆಯಾಗುವಂತೆ, ಆದ ಹಾನಿ ತುಂಬಿಕೊಟ್ಟು ಖಾಸಗಿ ಜಾಗದಲ್ಲಿ ಪೈಪ್ ಹಾಯಿಸುವ ಅಧಿಕಾರ ಪಾಲಿಕೆಗೆ ಕಾಯ್ದೆಯಲ್ಲೇ ಇದೆ. ಆ ಅಧಿಕಾರ ಬಳಸಿ ಎಂದು ಆಯುಕ್ತರಿಗೆ ಲಿಖಿತ ಮನವಿ ಕೊಡಿ, ಬೇರೆ ದಾರಿಯಿಲ್ಲವೆಂದು ತೋರಿಸುವ ನಕಾಶೆ ಜೋಡಿಸಿ. ಬೇರೆ ಕಡೆಯಿಂದ ಪೈಪ್ ತರಲು ಸಾಧ್ಯವಿದ್ದರೆ, ಖರ್ಚು ಹೆಚ್ಚಾದರೂ, ‘ಅವಶ್ಯಕತೆ’ಯ ವಾದ ನಿಲ್ಲುವುದು ಕಷ್ಟ. ಎರಡನೆಯದು ಸಿವಿಲ್ ಕೋರ್ಟು: ಹಕ್ಕಿನ ಘೋಷಣೆ ಮತ್ತು ತಡೆಯಾಜ್ಞೆ ಕೇಳುವ ದಾವೆ. ನೀರು ಕೊಡುವ ಸಂಸ್ಥೆಯ ಮೇಲೇ ತಕರಾರಿದ್ದರೆ ಕೋರ್ಟ್ ಶುಲ್ಕವಿಲ್ಲದ ಕಾಯಂ ಜನತಾ ನ್ಯಾಯಾಲಯಕ್ಕೂ ಹೋಗಬಹುದು. ಬಾಜೂದವರ ಮಾಲ್ಕಿಯ ವ್ಯಾಜ್ಯ ಅಲ್ಲಿ ತೀರುವುದಿಲ್ಲ.

ಬಾಜೂದವರ ಮೂರನೆಯ ಹೆದರಿಕೆ ಉಳಿಯಿತು, ಜಾಗದ ಮೇಲೆ ಹಕ್ಕು ಕೇಳುತ್ತಾರೆಂಬುದು. ನಳದ ಬಿಲ್ಲು, ಮೀಟರ್ ಯಾರ ಹೆಸರಿನಲ್ಲಿದ್ದರೂ ಅದು ಸಂದಿಯ ಮಾಲ್ಕಿಗೆ ಪುರಾವೆಯಲ್ಲ. ನೋಂದಣಿಯಾಗುವ ಪತ್ರದಲ್ಲಿ ‘ಸಂದಿಯ ಮಾಲ್ಕಿ ಅವರದೇ, ನಮ್ಮದು ಓಡಾಡುವ ಹಕ್ಕು, ಪೈಪಿನ ಹಕ್ಕು ಮಾತ್ರ’ ಎಂದು ನೀವೇ ಮುಂದಾಗಿ ಬರೆಸಿ. ನಿಮಗೆ ಅದರಿಂದ ಕಳೆದುಕೊಳ್ಳುವುದು ಏನೂ ಇಲ್ಲ, ಅವರು ಸಹಿ ಹಾಕಲು ತಡೆಯುತ್ತಿದ್ದದ್ದು ಅದೊಂದೇ ಸಾಲಾಗಿರಬಹುದು.