ಎಟ್‌ಸಿ ಫೈಲಿನ ಮಾತು ಎಲ್ಲಿಯವರೆಗೆ ನಡೆಯುತ್ತದೆ? ಸ್ಕ್ರೀನ್, ಟಿಮಕ್ಸ್ ಮತ್ತು ಇಡೀ ಸರ್ವರಿಗೆ ಅನ್ವಯಿಸುವ ಡಿಫಾಲ್ಟ್‌ಗಳ ಹಿನ್ನೆಲೆ

ಉದ್ದನೆಯ ಕಮಾಂಡೊಂದನ್ನು ಬರೆದು ಅದರ ಮೊದಲಿಗೆ ಮರಳಲು ಕಂಟ್ರೋಲ್-ಎ ಒತ್ತುವುದು ಬ್ಯಾಷ್ ಎಂಬ ಕಮಾಂಡ್ ಶೆಲ್‌ನಲ್ಲಿ ದಿನ ಕಳೆಯುವವರ ಬೆರಳಿಗೆ ಅಂಟಿಕೊಂಡ ಅಭ್ಯಾಸ. ಅದೇ ಅಭ್ಯಾಸವನ್ನು ಟರ್ಮಿನಲ್ ಸೆಷನ್‌ಗಳನ್ನು ನೋಡಿಕೊಳ್ಳುವ ಗ್ನೂ ಸ್ಕ್ರೀನ್ ಎಂಬ ಪ್ರೋಗ್ರಾಂನೊಳಗೆ ತೋರಿಸಿದರೆ ಕರ್ಸರ್ ಕದಲುವುದಿಲ್ಲ. ಆ ಕೀಲಿಯನ್ನು ಸ್ಕ್ರೀನ್ ತನಗೇ ಕೊಟ್ಟ ಅಪ್ಪಣೆಯೆಂದು ಭಾವಿಸಿ ನುಂಗಿಕೊಂಡು, ಮುಂದಿನ ಅಕ್ಷರಕ್ಕಾಗಿ ಕಾಯುತ್ತ ಕೂರುತ್ತದೆ. ಆ ಅಕ್ಷರ ಕೆ ಆಗಿಬಿಟ್ಟರೆ ಈ ವಿಂಡೋವನ್ನು ನಿಜಕ್ಕೂ ಕೊಲ್ಲಲೇ ಎಂದು ಕೇಳುತ್ತದೆ. ಒಬ್ಬನೇ ಬಳಸುವ ಲ್ಯಾಪ್‌ಟಾಪ್‌ನಲ್ಲಿ ಇದು ರುಚಿಯ ಪ್ರಶ್ನೆ. ಐವತ್ತು ಜನ ಲಾಗಿನ್ ಆಗುವ ಸರ್ವರ್‌ನಲ್ಲಿ ಮಾತ್ರ, ಆ ಕೀಲಿ ಯಾವುದಿರಬೇಕು, ಮೇಲೆ ಸರಿದುಹೋದ ಎಷ್ಟು ಸಾಲು ಉಳಿಯಬೇಕು, ಲಾಗೌಟ್ ಆದ ಮೇಲೆ ಸೆಷನ್ ಬದುಕಿರಬೇಕೇ ಎಂಬುದನ್ನೆಲ್ಲ ಯಾರೋ ಒಬ್ಬರು ಎಲ್ಲರ ಪರವಾಗಿ ನಿರ್ಧರಿಸಬೇಕಾಗುತ್ತದೆ. ಆ ನಿರ್ಧಾರ ಎಲ್ಲಿ ಕೂತಿರುತ್ತದೆ ಎಂಬುದು 1987ರಿಂದ ಇಂದಿನವರೆಗೆ ಹಲವು ಬಾರಿ ಜಾಗ ಬದಲಿಸಿದೆ.

ಸ್ಕ್ರೀನ್ ಹುಟ್ಟಿದ್ದು ಆ ವರ್ಷ, ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಓಲಿವರ್ ಲೌಮಾನ್ ಮತ್ತು ಕಾರ್ಸ್ಟೆನ್ ಬೋರ್ಮನ್ ಅವರ ಕೈಯಲ್ಲಿ. ಒಂದೇ ಟರ್ಮಿನಲ್‌ನೊಳಗೆ ಹಲವು ವಿಂಡೋಗಳನ್ನು ತೆರೆಯುವುದು ಅದರ ಒಂದು ಉಪಯೋಗ. ಜನ ಅದಕ್ಕೆ ಮರುಳಾದದ್ದು ಇನ್ನೊಂದಕ್ಕೆ. ಮೋಡೆಮ್ ಸಂಪರ್ಕ ಕಡಿದಾಗ ಯೂನಿಕ್ಸ್ ಆ ಟರ್ಮಿನಲ್‌ಗೆ ಸೇರಿದ ಪ್ರೋಸೆಸ್‌ಗಳಿಗೆ ಹ್ಯಾಂಗಪ್ ಸಿಗ್ನಲ್ ಕಳಿಸುತ್ತದೆ, ಅವು ಸಾಯುತ್ತವೆ. ಸ್ಕ್ರೀನ್ ನಡುವೆ ನಿಂತು ಆ ಹೊಡೆತವನ್ನು ತಾನು ತಡೆದುಕೊಂಡು, ಸೆಷನ್ನನ್ನು ಟರ್ಮಿನಲ್‌ನಿಂದ ಬಿಡಿಸಿ ಇಟ್ಟುಕೊಳ್ಳುತ್ತದೆ. ಮತ್ತೆ ಲಾಗಿನ್ ಆದಾಗ ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಯುತ್ತದೆ. ಹೀಗೆ ತಾನಾಗಿ ಬಿಡಿಸಿಕೊಳ್ಳುವ ಗುಣ, ಅಂದರೆ ಆಟೋಡಿಟ್ಯಾಚ್, ಡಿಫಾಲ್ಟ್ ಆಗಿಯೇ ಆನ್ ಇರುತ್ತದೆ.

ಅದರ ಸೆಟ್ಟಿಂಗ್‌ಗಳಿಗೆ ಎರಡು ಮೆಟ್ಟಿಲು. ಮೊದಲು ಇಡೀ ಯಂತ್ರಕ್ಕೆ ಸೇರಿದ ಸ್ಕ್ರೀನ್‌ಆರ್‌ಸಿ ಫೈಲ್, ಆಮೇಲೆ ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಶುರುವಾಗುವ ಸ್ಕ್ರೀನ್‌ಆರ್‌ಸಿ. ಮೊದಲನೆಯದರ ಜಾಗ ಪ್ರೋಗ್ರಾಂ ಕಂಪೈಲ್ ಆಗುವಾಗಲೇ ನಿರ್ಧಾರವಾಗಿರುತ್ತದೆ. ಲಿನಕ್ಸ್ ವಿತರಣೆಗಳಲ್ಲಿ ಅದು ಸಾಮಾನ್ಯವಾಗಿ ಯಂತ್ರದ ಸೆಟ್ಟಿಂಗ್ ಫೈಲುಗಳಿರುವ ಎಟ್‌ಸಿ (/etc) ಡೈರೆಕ್ಟರಿ. ನಂತರ ಓದಿದ ಸಾಲು ಮೊದಲು ಓದಿದ್ದನ್ನು ಅಳಿಸುತ್ತದೆಯಾದ್ದರಿಂದ, ಅಡ್ಮಿನ್ ಸಲಹೆ ಕೊಡುತ್ತಾನೆ, ಬಳಕೆದಾರ ತೀರ್ಪು ಕೊಡುತ್ತಾನೆ. ಅಷ್ಟು ಸಾಲದೆಂಬಂತೆ ಸಿಸ್‌ಸ್ಕ್ರೀನ್‌ಆರ್‌ಸಿ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಕೂಡ ಇದೆ. ಕಂಪೈಲ್ ಮಾಡುವಾಗ ಅದಕ್ಕೆ ಅವಕಾಶ ಕೊಟ್ಟಿದ್ದರೆ, ಬಳಕೆದಾರ ಯಂತ್ರದ ಫೈಲಿನ ಬದಲು ಬೇರೆ ಫೈಲನ್ನೇ ಓದುವಂತೆ ಸ್ಕ್ರೀನ್‌ಗೆ ಹೇಳಬಹುದು. ಅಡ್ಮಿನ್ ಚಾಪೆಯ ಕೆಳಗೆ ತೂರಿದರೆ ಬಳಕೆದಾರ ರಂಗೋಲಿಯ ಕೆಳಗೆ ತೂರುವ ಈ ವ್ಯವಸ್ಥೆಯನ್ನು ಮೂಲ ಲೇಖಕರು ತಿಳಿದೇ ಕಟ್ಟಿದ್ದಾರೆ.

ಡೆಬಿಯನ್ ಎಂಬ ಲಿನಕ್ಸ್ ವಿತರಣೆ ಕೊಡುವ ಸ್ಕ್ರೀನ್‌ಆರ್‌ಸಿಯನ್ನು ಒಮ್ಮೆ ತೆರೆದು ಓದುವುದು ಒಳ್ಳೆಯದು, ಏಕೆಂದರೆ ಇಂಥ ಫೈಲ್ ಹೇಗಿರಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಸ್ಕ್ರೀನ್ ತಾನಾಗಿ ನೆನಪಿಡುವುದು ಮೇಲೆ ಸರಿದ 100 ಸಾಲುಗಳನ್ನು. ಡೆಬಿಯನ್ ಅದನ್ನು 1024ಕ್ಕೆ ಏರಿಸುತ್ತದೆ. ಆಮೇಲೆ ಅಪಾಯಕಾರಿ ಕೀಲಿಗಳನ್ನು ತೆಗೆಯುವ ಕೆಲವು ಸಾಲುಗಳಿವೆ. ಕಂಟ್ರೋಲ್-ಎ ಒತ್ತಿದ ಬೆರಳು ಕಂಟ್ರೋಲ್ ಕೀಲಿಯ ಮೇಲೇ ಉಳಿದಿರುವಾಗ ಕೆ ಅಥವಾ ಬ್ಯಾಕ್‌ಸ್ಲ್ಯಾಷ್ ತಾಕಿದರೆ ಮೊದಲನೆಯದು ವಿಂಡೋವನ್ನು, ಎರಡನೆಯದು ಇಡೀ ಸೆಷನ್ನನ್ನು ಮುಗಿಸಲು ಹೊರಡುತ್ತದೆ. ಡೆಬಿಯನ್ ಆ ಎರಡೂ ಜೋಡಣೆಗಳನ್ನು ಕಳಚಿ, ಸೆಷನ್ ಮುಗಿಸುವ ಕೆಲಸವನ್ನು ಬರೀ ಬ್ಯಾಕ್‌ಸ್ಲ್ಯಾಷ್‌ಗೂ, ವಿಂಡೋ ಕೊಲ್ಲುವುದನ್ನು ದೊಡ್ಡಕ್ಷರದ ಕೆಗೂ ವಹಿಸುತ್ತದೆ. ಬಣ್ಣ, ಕೆಳಪಟ್ಟಿ, ಗಡಿಯಾರ ಮೊದಲಾದ ಅಲಂಕಾರದ ಗೋಜಿಗೆ ಅದು ಹೋಗುವುದಿಲ್ಲ. ಒಂದು ಗುರುತು ಮಾತ್ರ ಹಳೆಯ ಜರ್ಮನ್ ಹಾಸ್ಯವನ್ನು ಉಳಿಸಿಕೊಂಡಿದೆ: ಗಂಟೆ ಬಾರಿಸುವ ಬದಲು ಪರದೆಯ ಮೇಲೆ ಮೂಡುವ ಎಚ್ಚರಿಕೆ ‘ವುಫ್ ವುಫ್’, ಅಂದರೆ ನಮ್ಮ ಬೌ ಬೌ.

ಸ್ಕ್ರೀನ್ ಮಾಡುವ ಕೆಲಸವನ್ನೇ ಮಾಡುವ ಟಿಮಕ್ಸ್ ಬಂದದ್ದು ಇಪ್ಪತ್ತು ವರ್ಷಗಳ ನಂತರ. ನಿಕೊಲಸ್ ಮ್ಯಾರಿಯಟ್ 2007ರಲ್ಲಿ ಬಿಎಸ್‌ಡಿ ಪರವಾನಗಿಯಡಿ ಆರಂಭಿಸಿದ ಈ ತಂತ್ರಾಂಶ 2009ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಮೂಲ ವ್ಯವಸ್ಥೆಯೊಳಕ್ಕೇ ಸೇರಿತು. ಅದರ ಕೀಲಿ ಕಂಟ್ರೋಲ್-ಬಿ. ಸ್ಕ್ರೀನ್‌ನೊಳಗೆ ಕೂತೇ ಅದನ್ನು ಬೆಳೆಸುವಾಗ ಎರಡೂ ಒಂದೇ ಕೀಲಿಗೆ ಕಚ್ಚಾಡದಿರಲೆಂದು ಆ ಆಯ್ಕೆ. ಇಲ್ಲೂ ಮೆಟ್ಟಿಲುಗಳು ಎರಡೇ: ಮೊದಲು ಎಟ್‌ಸಿಯ ಟಿಮಕ್ಸ್ ಕಾನ್ಫ್ ಫೈಲ್, ಆಮೇಲೆ ಬಳಕೆದಾರನದು. 2020ರ 3.1 ಆವೃತ್ತಿಯಿಂದ ಬಳಕೆದಾರ ತನ್ನ ಫೈಲನ್ನು ಹೋಮ್ ಡೈರೆಕ್ಟರಿಯ ಕಾನ್ಫಿಗ್ ಫೋಲ್ಡರಿನೊಳಗೂ ಇಟ್ಟುಕೊಳ್ಳಬಹುದು.

ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಇವೆರಡರ ನಡುವೆ ಅಡ್ಮಿನ್‌ಗಳು ಎಡವುವ ಒಂದು ವ್ಯತ್ಯಾಸವಿದೆ. ಸ್ಕ್ರೀನ್‌ಗೆ ಸಿ ಎಂಬ ಆಯ್ಕೆಯೊಡನೆ ಬೇರೊಂದು ಫೈಲ್ ಕೊಟ್ಟರೆ ಅದು ಬಳಕೆದಾರನ ಫೈಲಿನ ಜಾಗಕ್ಕೆ ಮಾತ್ರ ಬರುತ್ತದೆ, ಯಂತ್ರದ ಫೈಲನ್ನು ಸ್ಕ್ರೀನ್ ಎಂದಿನಂತೆ ಓದುತ್ತದೆ. ಟಿಮಕ್ಸ್‌ಗೆ ಎಫ್ ಆಯ್ಕೆಯೊಡನೆ ಫೈಲ್ ಕೊಟ್ಟರೆ ಎರಡೂ ಮೆಟ್ಟಿಲುಗಳು ಬದಿಗೆ ಸರಿಯುತ್ತವೆ. ಹಾಗಾಗಿ ಖಾಲಿ ಫೈಲೊಂದನ್ನು ಕೊಟ್ಟು ಟಿಮಕ್ಸ್ ಶುರುಮಾಡಿದವನಿಗೆ ಎಟ್‌ಸಿಯಲ್ಲಿ ಅಡ್ಮಿನ್ ಬರೆದಿಟ್ಟದ್ದು ಒಂದಕ್ಷರವೂ ತಗಲುವುದಿಲ್ಲ.

ಯಂತ್ರದ ಫೈಲ್ ಏಕೆ ಬೇಕು ಎಂಬುದಕ್ಕೆ ಟಿಮಕ್ಸ್‌ನ ಬೀಗದ ಕಥೆ ಒಳ್ಳೆಯ ಸಾಕ್ಷಿ. ಬಳಕೆದಾರ ಎದ್ದುಹೋದಾಗ ಸೆಷನ್ನಿಗೆ ಬೀಗ ಹಾಕಲು ಟಿಮಕ್ಸ್‌ನ ಹಳೆಯ ಆವೃತ್ತಿಗಳು ತಾವಾಗಿ ಕರೆಯುತ್ತಿದ್ದುದು ಲಾಕ್ ಎಂಬ ಹೊರಗಿನ ಪ್ರೋಗ್ರಾಂ ಅನ್ನು. ಅದು ಬಿಎಸ್‌ಡಿ ಮನೆತನದ್ದು. ಸಾಮಾನ್ಯ ಲಿನಕ್ಸ್ ಯಂತ್ರದಲ್ಲಿ ಇರುವುದೇ ಇಲ್ಲ. ಆದ್ದರಿಂದ ಲಿನಕ್ಸ್‌ನಲ್ಲಿ ಬೀಗ ಬೇಕೆಂದವರು ಆ ಹೆಸರನ್ನು ಲಿನಕ್ಸ್‌ನ ಬೀಗದ ಪ್ರೋಗ್ರಾಂ ಆದ ವಿಲಾಕ್ ಎಂದು ಬದಲಿಸಬೇಕಾಗುತ್ತಿತ್ತು. ಈ ತಿದ್ದುಪಡಿಯನ್ನು ಪ್ರತಿಯೊಬ್ಬ ಬಳಕೆದಾರನಿಗೂ ಹೇಳುತ್ತ ಕೂರುವ ಬದಲು ಎಟ್‌ಸಿಯಲ್ಲಿ ಒಮ್ಮೆ ಬರೆದರೆ ಸಾಕಾಗುತ್ತಿತ್ತು.

ಉಬುಂಟು ಬಳಗದ ಡಸ್ಟಿನ್ ಕರ್ಕ್‌ಲ್ಯಾಂಡ್ 2009ರಲ್ಲಿ ಹೊರತಂದ, ಮೊದಲು ಸ್ಕ್ರೀನ್-ಪ್ರೊಫೈಲ್ಸ್ ಎಂದಿದ್ದು ಆಮೇಲೆ ಜಪಾನಿನ ಮಡಚುವ ತೆರೆಯ ಹೆಸರು ಪಡೆದ ಬ್ಯೋಬು ಸ್ಕ್ರೀನ್ ಮತ್ತು ಟಿಮಕ್ಸ್‌ಗಳಿಗೆ ತೊಡಿಸುವ ಸಿದ್ಧ ಉಡುಪು; ಡೆಬಿಯನ್ ಫೈಲಿನ ಸಂಯಮಕ್ಕೆ ತದ್ವಿರುದ್ಧ. ಫಂಕ್ಷನ್ ಕೀಲಿಗಳು, ಬಣ್ಣದ ಕೆಳಪಟ್ಟಿ, ಎಲ್ಲವೂ ಸಿದ್ಧ ರೂಪದಲ್ಲಿ ಬರುತ್ತವೆ. ಅಡ್ಮಿನ್ ಬಯಸಿದರೆ ಯಂತ್ರದ ಎಲ್ಲ ಬಳಕೆದಾರರಿಗೂ ಲಾಗಿನ್ ಆದೊಡನೆ ತಾನಾಗಿ ಶುರುವಾಗುತ್ತದೆ. ಬೇಡವೆನ್ನುವವರಿಗಾಗಿ ಹೋಮ್ ಡೈರೆಕ್ಟರಿಯಲ್ಲಿ ಇಡಬಹುದಾದ ನಿಷೇಧದ ಫೈಲೂ ಉಂಟು. ಹೊಸಬರಿಗೆ ಅದು ಉಪಕಾರಿಯೇ. ಆದರೆ ಒಬ್ಬರ ರುಚಿಯನ್ನು ಊರಿಗೆಲ್ಲ ಬಡಿಸುವುದು ನನಗೆ ಒಗ್ಗುವುದಿಲ್ಲ.

ಇಷ್ಟರವರೆಗೆ ವಿಷಯ ಸ್ಕ್ರೀನ್ ಮತ್ತು ಟಿಮಕ್ಸ್‌ಗಳ ಸ್ವಂತ ಫೈಲುಗಳೊಳಗೇ ಇತ್ತು. 2016ರ ಮೇ ತಿಂಗಳಲ್ಲಿ ಅದು ಅಲ್ಲಿಂದ ಹೊರಬಿತ್ತು. ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಸೇವೆಗಳನ್ನು ಶುರುಮಾಡಿ ನಿಭಾಯಿಸುವ ಸಿಸ್ಟಂ-ಡಿಯ 230ನೆಯ ಆವೃತ್ತಿಯಲ್ಲಿ, ಲಾಗಿನ್‌ಗಳ ಲೆಕ್ಕ ಇಡುವ ಲಾಗಿನ್-ಡಿ ಎಂಬ ಭಾಗದ ಒಂದು ಡಿಫಾಲ್ಟ್ ಬದಲಾಯಿತು. ಕಿಲ್ ಯೂಸರ್ ಪ್ರೋಸೆಸಸ್ ಎಂಬ ಆ ಆಯ್ಕೆ ಹಿಂದೆ ‘ನೋ’ ಇದ್ದದ್ದು ‘ಯೆಸ್’ ಆಯಿತು. ಅಂದರೆ ಬಳಕೆದಾರ ಲಾಗೌಟ್ ಆದೊಡನೆ ಅವನ ಸೆಷನ್ನಿಗೆ ಸೇರಿದ ಎಲ್ಲ ಪ್ರೋಸೆಸ್‌ಗಳನ್ನೂ ಮುಗಿಸಿಬಿಡುವುದು. ಡೆಸ್ಕ್‌ಟಾಪ್‌ನಿಂದ ಹೊರಬಂದ ಮೇಲೂ ಹಿನ್ನೆಲೆಯಲ್ಲಿ ಉಳಿದುಹೋಗುವ ಪುಡಿ ಪ್ರೋಸೆಸ್‌ಗಳನ್ನು ಗುಡಿಸುವುದು ಉದ್ದೇಶವಾಗಿತ್ತು. ಆದರೆ ಅದೇ ಪೊರಕೆಗೆ ಸ್ಕ್ರೀನ್ ಮತ್ತು ಟಿಮಕ್ಸ್ ಕೂಡ ಸಿಕ್ಕಿದವು. ಬದುಕಿರುವುದೇ ಯಾವುದರ ಕಸುಬೋ ಅದನ್ನೇ ಕಸವೆಂದು ಗುಡಿಸಿದಂತಾಯಿತು.

ಹಳೆಯ ಉಪಾಯ ಇಲ್ಲಿ ಏಕೆ ನಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ಸ್ಕ್ರೀನ್ ತನ್ನನ್ನು ಫೋರ್ಕ್ ಮಾಡಿಕೊಂಡು, ಅಂದರೆ ತನ್ನದೇ ಪ್ರತಿಯಾದ ಮಗು ಪ್ರೋಸೆಸ್ ಹುಟ್ಟಿಸಿಕೊಂಡು, ಹೊಸ ಸೆಷನ್ ಘೋಷಿಸಿಕೊಂಡು ಟರ್ಮಿನಲ್‌ನಿಂದ ನಂಟು ಕಳಚಿಕೊಳ್ಳುತ್ತದೆ. ಹ್ಯಾಂಗಪ್ ಸಿಗ್ನಲ್‌ನಿಂದ ತಪ್ಪಿಸಿಕೊಳ್ಳಲು ಅಷ್ಟು ಸಾಕಿತ್ತು. ಲಾಗಿನ್-ಡಿ ನೋಡುವುದು ಟರ್ಮಿನಲ್ಲನ್ನಲ್ಲ, ಪ್ರೋಸೆಸ್‌ಗಳನ್ನು ಕರ್ನೆಲ್ ಕೂಡಿಸಿಡುವ ಸಿಗ್ರೂಪ್ ಎಂಬ ಗುಂಪನ್ನು. ಎಷ್ಟು ಬಾರಿ ಫೋರ್ಕ್ ಆದರೂ ಮಗು ತಾಯಿಯ ಗುಂಪಿನಲ್ಲೇ ಉಳಿಯುತ್ತದೆ. ತಪ್ಪಿಸಿಕೊಳ್ಳಬೇಕೆಂದರೆ ಸಿಸ್ಟಂ-ಡಿಯನ್ನೇ ಕೇಳಿ, ಲಾಗೌಟ್ ನಂತರವೂ ಉಳಿಯಲು ಬಿಡುವ ಲಿಂಗರ್ ಎಂಬ ಅನುಮತಿ ಪಡೆದು, ಬೇರೆ ಗುಂಪಿನಲ್ಲಿ ಟಿಮಕ್ಸ್ ಆರಂಭಿಸಬೇಕು. ಆ ಕೇಳಿಕೆಯನ್ನು ಟಿಮಕ್ಸ್‌ನ ಕೋಡ್‌ನೊಳಗೇ ಸೇರಿಸಿ ಎಂಬ ಸಲಹೆ ಬಂತು, ಟಿಮಕ್ಸ್ ಕಡೆಯವರು ಒಪ್ಪಲಿಲ್ಲ. ಹಲವು ಯೂನಿಕ್ಸ್‌ಗಳಲ್ಲಿ ಓಡುವ ಪ್ರೋಗ್ರಾಂ ಒಂದು ಲಿನಕ್ಸ್ ಸೇವೆಯ ಡಿಫಾಲ್ಟ್ ಬದಲಾಯಿತೆಂದು ತಾನೇಕೆ ಬದಲಾಗಬೇಕು ಎಂಬ ವಾದದಲ್ಲಿ ನ್ಯಾಯವಿದೆ ಎಂದೇ ನನ್ನ ಎಣಿಕೆ.

ಇನ್ನೊಂದು ಸೂಕ್ಷ್ಮ ಅಡ್ಮಿನ್‌ಗಳನ್ನು ಮತ್ತಷ್ಟು ದಾರಿ ತಪ್ಪಿಸುವಂತಿತ್ತು: ಆ ಗುಡಿಸುವಿಕೆಯಿಂದ ಯಂತ್ರದ ಸರ್ವಾಧಿಕಾರಿಯಾದ ರೂಟ್ ಬಳಕೆದಾರನಿಗೆ ಡಿಫಾಲ್ಟ್ ಆಗಿಯೇ ವಿನಾಯಿತಿ ಇದೆ. ರೂಟ್ ಆಗಿ ಪರೀಕ್ಷಿಸಿ ನೋಡಿದ ಅಡ್ಮಿನ್‌ಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಾಯುವುದು ಉಳಿದವರ ಸೆಷನ್‌ಗಳು. ಕೊನೆಗೆ ಡೆಬಿಯನ್, ಫೆಡೋರಾ ಮೊದಲಾದ ವಿತರಣೆಗಳು ಸಿಸ್ಟಂ-ಡಿಯನ್ನು ಕಂಪೈಲ್ ಮಾಡುವಾಗಲೇ ಆ ಡಿಫಾಲ್ಟನ್ನು ಮತ್ತೆ ‘ನೋ’ ಮಾಡಿದವು. ಮೂಲ ತಂತ್ರಾಂಶದಲ್ಲಿ ಒಂದು ಉತ್ತರ, ವಿತರಣೆಯಲ್ಲಿ ಇನ್ನೊಂದು.

ಸಿಸ್ಟಂ-ಡಿ ಕೆಳಗಿನಿಂದ ಕೈಹಾಕಿದರೆ, ಭದ್ರತಾ ನಿಯಮಗಳು ಮೇಲಿನಿಂದ ಕೈಹಾಕಿದವು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 2019ರ ತನ್ನ ಎಂಟನೆಯ ಆವೃತ್ತಿಯಲ್ಲಿ ಸ್ಕ್ರೀನ್ ಅನ್ನು ಕೈಬಿಟ್ಟು ಟಿಮಕ್ಸ್ ಅನ್ನು ಮಾತ್ರ ಉಳಿಸಿಕೊಂಡಿತು. ಅಮೆರಿಕದ ರಕ್ಷಣಾ ಮಾಹಿತಿ ವ್ಯವಸ್ಥೆಗಳ ಸಂಸ್ಥೆ ಆ ಆವೃತ್ತಿಗಾಗಿ ಬರೆದ ಸ್ಟಿಗ್ ಎಂಬ ನಿಯಮಾವಳಿ, ಎಟ್‌ಸಿಯ ಟಿಮಕ್ಸ್ ಫೈಲಿನಲ್ಲಿ ಬೀಗದ ಪ್ರೋಗ್ರಾಂ ವಿಲಾಕ್ ಆಗಿರಬೇಕು, 900 ಸೆಕೆಂಡು ಯಾರೂ ಏನೂ ಒತ್ತದಿದ್ದರೆ ಬೀಗ ಬೀಳಬೇಕು, ಲಾಗಿನ್ ಆದ ಪ್ರತಿಯೊಬ್ಬನ ಶೆಲ್ ಟಿಮಕ್ಸ್‌ನೊಳಗೇ ತೆರೆಯಬೇಕು ಎಂದು ವಿಧಿಸಿತು. ಅನುಕೂಲಕ್ಕಾಗಿ ಹುಟ್ಟಿದ ಪ್ರೋಗ್ರಾಂ ಹೀಗೆ ಕಾವಲುಗಾರನಾಯಿತು. ಆದರೆ ಟಿಮಕ್ಸ್‌ನಲ್ಲಿ ಯಂತ್ರದ ಆಯ್ಕೆಯೊಂದನ್ನು ಬದಲಿಸಲಾಗದಂತೆ ಬಿಗಿಯುವ ಸೌಲಭ್ಯವೇ ಇಲ್ಲ. ಬಳಕೆದಾರನ ಫೈಲ್ ನಂತರ ಓದಲ್ಪಡುವುದರಿಂದ, 900 ಇರುವಲ್ಲಿ ಸೊನ್ನೆ ಬರೆದರೆ ಬೀಗ ಬೀಳುವುದು ನಿಲ್ಲುತ್ತದೆ. ಫೈಲ್ ಕೂಡ ಬೇಡ, ನಡೆಯುತ್ತಿರುವ ಸೆಷನ್ನಿನ ಕಮಾಂಡ್ ಸಾಲಿನಲ್ಲೇ ಅದನ್ನು ಮಾಡಬಹುದು. ಸಲಹೆಗಾಗಿ ಕಟ್ಟಿದ ಫೈಲಿಗೆ ಕಾನೂನಿನ ಕೆಲಸ ವಹಿಸಿದರೆ ಆಗುವ ಫಜೀತಿ ಇದು. ಸುಮ್ಮನಿರುವ ಸೆಷನ್ನನ್ನು ಲಾಗಿನ್-ಡಿಯೇ ನಿಲ್ಲಿಸುವ ಆಯ್ಕೆ ಸಿಸ್ಟಂ-ಡಿಯಲ್ಲಿ ಆಮೇಲೆ ಬಂತು. ನಿಜವಾಗಿ ಬಿಗಿ ಬೇಕಾದವರಿಗೆ ಸರಿಯಾದ ಜಾಗ ಅದು.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಫೈಲಿನ ಈ ಮಿತಿ ಬೇರೊಂದು ಬಗೆಯಲ್ಲಿ ಎದುರಾಗುತ್ತದೆ. ಟಿಮಕ್ಸ್‌ನೊಳಗೆ ಎಲ್‌ಎಸ್ ಕಮಾಂಡ್ ಕೊಟ್ಟಾಗ ‘ವರದಿ’ ಎಂಬ ಹೆಸರಿನ ಜಾಗದಲ್ಲಿ ಬರೀ ಅಡಿಗೆರೆಗಳು ಕಂಡರೆ ಎಟ್‌ಸಿಯ ಟಿಮಕ್ಸ್ ಫೈಲನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಕನ್ನಡದಂಥ ಲಿಪಿಗಳನ್ನು ಬರೆಯುವ ಯುಟಿಎಫ್-8 ಸಂಕೇತ ಎದುರಿನ ಟರ್ಮಿನಲ್‌ಗೆ ಬರುತ್ತದೆಯೇ ಎಂಬುದನ್ನು ಟಿಮಕ್ಸ್, ಭಾಷೆ ಮತ್ತು ಅಕ್ಷರ ಸಂಕೇತವನ್ನು ತಿಳಿಸುವ ಲೊಕೇಲ್ ವೇರಿಯಬಲ್‌ಗಳನ್ನು ನೋಡಿ ತೀರ್ಮಾನಿಸುತ್ತದೆ; ಅವು ಅದಕ್ಕಿಂತ ಮೊದಲೇ, ಲಾಗಿನ್ ಹಂತದಲ್ಲೇ ಗೊತ್ತಾಗಿರುತ್ತವೆ. ಡೆಬಿಯನ್‌ನ ಎಸ್‌ಎಸ್‌ಎಚ್ ಸರ್ವರ್, ಬರುವವರ ಲ್ಯಾಪ್‌ಟಾಪ್ ಕಳಿಸಿದ ಲೊಕೇಲನ್ನೂ ಒಪ್ಪಿಕೊಳ್ಳುತ್ತದೆ. ಹಾಗಾಗಿ ತಿದ್ದಬೇಕಾದದ್ದು ಯಂತ್ರದ ಲೊಕೇಲ್ ಫೈಲ್ ಅಥವಾ ಬರುವವರ ಲ್ಯಾಪ್‌ಟಾಪ್. ತಕ್ಷಣದ ಉಪಾಯವಾಗಿ ಯು ಆಯ್ಕೆಯೊಡನೆ ಟಿಮಕ್ಸ್ ತೆರೆಯಬಹುದು. ಸ್ಕ್ರೀನ್‌ನಲ್ಲಿ ಹೊಸ ವಿಂಡೋಗಳೆಲ್ಲ ಯುಟಿಎಫ್-8 ಎಂದು ಯಂತ್ರದ ಫೈಲಿನಲ್ಲಿ ಬರೆಯಲು ಒಂದು ಸಾಲುಂಟು, ಆದರೆ ಅದು ಅರ್ಧ ಕೆಲಸ. ಟರ್ಮಿನಲ್ ಕಡೆಯ ಇನ್ನರ್ಧ ಅಲ್ಲೂ ಲೊಕೇಲ್‌ನ ಕೈಯಲ್ಲೇ ಇದೆ.

ಇನ್ನು, ಎಟ್‌ಸಿಯಲ್ಲಿ ಬರೆದದ್ದು ಜಾರಿಗೆ ಬರುವುದು ಯಾವಾಗ? ಟಿಮಕ್ಸ್ ತನ್ನ ಫೈಲುಗಳನ್ನು ಓದುವುದು ಬಳಕೆದಾರನ ಸೆಷನ್‌ಗಳನ್ನು ಹಿನ್ನೆಲೆಯಲ್ಲಿ ನಡೆಸುವ ತನ್ನ ಸರ್ವರ್ ಪ್ರೋಸೆಸ್ ಶುರುವಾಗುವಾಗ, ಒಮ್ಮೆ ಮಾತ್ರ. ಎರಡು ತಿಂಗಳಿಂದ ಸೆಷನ್ ತೆರೆದಿಟ್ಟುಕೊಂಡವನಿಗೆ ಇಂದು ಅಡ್ಮಿನ್ ಮಾಡಿದ ಬದಲಾವಣೆ ಕಾಣುವುದಿಲ್ಲ. ಸೋರ್ಸ್-ಫೈಲ್ ಕಮಾಂಡ್‌ನಿಂದ ಅದನ್ನು ಮತ್ತೆ ಓದಿಸಬಹುದು, ಆದರೆ ಅಲ್ಲೊಂದು ತಿರುವಿದೆ: ಎಟ್‌ಸಿಯ ಫೈಲನ್ನು ಈಗ ಓದಿಸಿದರೆ ಅದು ಬಳಕೆದಾರನ ಫೈಲಿನ ನಂತರ ಓದಿದಂತಾಗಿ, ಅವನ ಸ್ವಂತ ಆಯ್ಕೆಗಳನ್ನೇ ತುಳಿಯುತ್ತದೆ. ಆದ್ದರಿಂದ ಹಿಂದೆಯೇ ಅವನ ಫೈಲನ್ನೂ ಓದಿಸಿ ಸರದಿಯನ್ನು ನೆಟ್ಟಗೆ ಮಾಡಬೇಕು. ಅಷ್ಟಾದರೂ, ಟಿಮಕ್ಸ್ ತಾನಾಗಿ ಇಡುವ 2000 ಸಾಲುಗಳ ನೆನಪನ್ನು ಅಡ್ಮಿನ್ 10000ಕ್ಕೆ ಏರಿಸಿದ್ದರೆ, ಈಗಾಗಲೇ ತೆರೆದಿರುವ ವಿಂಡೋಗಳು ಹಳೆಯ ಅಳತೆಯಲ್ಲೇ ಉಳಿಯುತ್ತವೆ. ಹೊಸ ಅಳತೆ ಸಿಗುವುದು ಅವನು ಮುಂದೆ ತೆರೆಯುವ ವಿಂಡೋಗೆ.