ಹೊತ್ತು ಮುಳುಗಿದ ಮೇಲಿನ ಬೆಳಕು

ಗೋಧೂಳಿ, ಸಂಜೆಗೆಂಪು, ಮುಸ್ಸಂಜೆ, ಮಬ್ಬುಗತ್ತಲು. ಕವಿತೆಯಲ್ಲಿ ಒಂದರ ಬದಲು ಇನ್ನೊಂದನ್ನು ಹಾಕಿದರೂ ನಡೆದೀತು. ಆದರೆ ವಿಜಯಪುರದ ಕಡೆ ಎರೆಹೊಲದ ಬದುವಿನ ಮೇಲೆ ನಿಂತು ನೋಡಿ. ಅಡ್ಡಲಾಗಿ ಗುಡ್ಡವಿಲ್ಲ, ಬಾನಂಚಿನವರೆಗೂ ಬಯಲು. ಒಂದೊಂದು ಹೆಸರಿಗೂ ಬೇರೆ ಬೆಳಕಿದೆ, ಬೇರೆ ಕಾರಣವಿದೆ.

ಗೋಧೂಳಿ ಅಂದರೆ ಮೇಯಲು ಹೋದ ದನಗಳು ಮರಳುವಾಗ ಏಳುವ ಧೂಳು. ಲಗ್ನಪತ್ರಿಕೆಯಲ್ಲಿ ‘ಗೋಧೂಳಿ ಮುಹೂರ್ತ’ ಅಂತ ಈಗಲೂ ಅಚ್ಚಾಗುತ್ತದೆ. ಆ ಧೂಳಿನಿಂದಲೇ ಬಾನು ಕೆಂಪಾಗುತ್ತದೆ ಅಂದುಕೊಂಡವರು ಬಹಳ. ಆದರೆ ನೆಲದ ಧೂಳಿನ ಕಣ ದಪ್ಪ. ಅದು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಚದುರಿಸಿ ಬಾನನ್ನು ಮಾಸಲು ಮಾಡುತ್ತದೆ. ಸಂಜೆಗೆಂಪಿಗೆ ಮುಖ್ಯ ಕಾರಣ ಗಾಳಿಯ ಅಣುಗಳು. ಸೂರ್ಯ ಬಾನಂಚಿಗೆ ಬಂದಾಗ ಅವನ ಬೆಳಕು ನಡುನೆತ್ತಿಯಲ್ಲಿದ್ದಾಗಿನ ಸುಮಾರು 38 ಪಟ್ಟು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲೇ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಮಳೆ ಬಂದು ಧೂಳು ಅಡಗಿದ ಸಂಜೆ ಕೆಂಪು ಜಾಸ್ತಿ ಇರುತ್ತದೆ, ಅಲ್ವಾ?

ಎಲ್ಲರೂ ಪಡುವಣವನ್ನೇ ನೋಡುತ್ತಾರೆ. ಒಮ್ಮೆ ಮೂಡಣಕ್ಕೆ ತಿರುಗಿ. ಬಾನಂಚಿನಲ್ಲಿ ಬೂದು ನೀಲಿ ಪಟ್ಟಿ, ಅದರ ಮೇಲೊಂದು ಗುಲಾಬಿ ಪಟ್ಟಿ. ಆ ಬೂದು ಪಟ್ಟಿ ನಮ್ಮ ಭೂಮಿಯದೇ ನೆರಳು! ಹೊತ್ತು ಇಳಿದಂತೆ ಅದು ಮೇಲೇರಿ, ಕೊನೆಗೆ ಕತ್ತಲಲ್ಲಿ ಸೇರಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಬೆರಗು ಮುಸ್ಸಂಜೆಯ ನೆತ್ತಿಯ ನೀಲಿ. ಗಾಳಿ ಮಾತ್ರ ಇದ್ದಿದ್ದರೆ ಆಗ ನೆತ್ತಿಯ ಬಾನು ಹಳದಿ ಬೆರೆತ ಬೂದಾಗಿ ಕಾಣಬೇಕಿತ್ತು. 1953ರಲ್ಲಿ ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ ಲೆಕ್ಕ ಹಾಕಿ ತೋರಿಸಿದರು: ಈ ನೀಲಿಯ ಹೆಚ್ಚಿನ ಪಾಲು ಓಝೋನಿನದು. ಸಂಜೆಯ ಓರೆ ಬೆಳಕು ಓಝೋನ್ ಪದರದಲ್ಲಿ ಬಹುದೂರ ಸಾಗುತ್ತದೆ. ಓಝೋನ್ ಅದರ ಹಳದಿ, ಕಿತ್ತಳೆಯನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ. ಹಗಲಿನ ನೀಲಿಗೂ ಮುಸ್ಸಂಜೆಯ ನೀಲಿಗೂ ಹುಟ್ಟೇ ಬೇರೆ.

ಸೂರ್ಯ ಬಾನಂಚಿನಿಂದ 6 ಡಿಗ್ರಿ ಕೆಳಗಿಳಿಯುವ ತನಕ ಅಂಗಳದಲ್ಲಿ ಪೇಪರ್ ಓದಬಹುದು. ವಿಜಯಪುರದಲ್ಲಿ ಅದಕ್ಕೆ 22ರಿಂದ 24 ನಿಮಿಷ. ಆಮೇಲೆ ದೀಪ ಹಚ್ಚಲೇಬೇಕು. 18 ಡಿಗ್ರಿ ಇಳಿದರೆ ಮಬ್ಬುಗತ್ತಲೂ ಮುಗಿದು ಸಣ್ಣ ಚುಕ್ಕಿಗಳೂ ಕಾಣುತ್ತವೆ. ಒಟ್ಟು ಒಂದೂಕಾಲು ತಾಸಿನ ಆಸುಪಾಸು. ನಮ್ಮಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಇಷ್ಟು ಬೇಗ ಮುಗಿಯುತ್ತದೆ. ಲಂಡನ್ನಿನಲ್ಲಿ ಅವನು ಓರೆಯಾಗಿ ಜಾರುತ್ತಾನೆ. ಜೂನ್ ನಡುವಿನಲ್ಲಿ 18 ಡಿಗ್ರಿ ಮುಟ್ಟುವುದೇ ಇಲ್ಲ, ಅಲ್ಲಿನ ಮಬ್ಬು ಬೆಳಗಿನ ನಸುಕಿಗೇ ಹೋಗಿ ಸೇರುತ್ತದೆ.