ಮೂರು ತಲೆಯ ಗಿಡೋರಾಗೆ ಮೂಗುದಾರ ಬಿದ್ದದ್ದು ಹೇಗೆ

ಜಪಾನಿ ಸಿನಿಮಾದ ದೈತ್ಯ ಪ್ರಾಣಿ ಗಾಡ್ಜಿಲ್ಲಾ ಹುಟ್ಟಿದಾಗ ಅದಕ್ಕೆ ಗಿಡೋರಾದಂಥ ಬಾಹ್ಯಾಕಾಶದ ವೈರಿ ಬೇಕಿರಲಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದರ ಬೂದಿ ಜಪಾನಿನ ಮೀನುಗಾರರ ಮೇಲೆ ಉದುರಿತು. ಅದೇ ನವೆಂಬರ್‌ನಲ್ಲಿ ತೋಹೊ ಚಿತ್ರಸಂಸ್ಥೆಯ ಮೊದಲ ಗಾಡ್ಜಿಲ್ಲಾ ತೆರೆಗೆ ಬಂತು. ಖಳನೂ ಅದೇ, ಬಾಂಬಿಗೆ ಬಲಿಯಾದ ಜೀವವೂ ಅದೇ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಜನಕ್ಕೆ ಅದರ ಮೇಲೆ ಅಕ್ಕರೆ ಬೆಳೆದಿತ್ತು. ಅದನ್ನು ಭೂಮಿಯ ಪರ ನಿಲ್ಲಿಸಬೇಕೆಂದರೆ ಅದಕ್ಕಿಂತ ಭಯಂಕರವಾದ, ಭೂಮಿಗೆ ಸೇರದ ಇನ್ನೊಂದು ಬೇಕಾಯಿತು. ತೋಹೊಗೆ ಆಕಾಶ ಹೊಸದೇನಲ್ಲ: ಅನ್ಯಗ್ರಹದವರ ದಾಳಿಯ ‘ಮಿಸ್ಟೀರಿಯನ್ಸ್’ 1957ರಲ್ಲೇ ಬಂದಿತ್ತು. ತೋಹೊ ಹೊಸವರ್ಷಕ್ಕೆಂದು ಎಣಿಸಿದ್ದ ಅಕಿರಾ ಕುರೊಸಾವಾ ಅವರ ‘ರೆಡ್ ಬಿಯರ್ಡ್’ ಆ ಹೊತ್ತಿಗೆ ಮುಗಿಯಲಿಲ್ಲ. ಆ ಜಾಗ ತುಂಬಲು ಬಾಹ್ಯಾಕಾಶದಿಂದ ಬರುವ ಮೂರು ತಲೆಯ ರಾಕ್ಷಸ ಗಿಡೋರಾ ಇರುವ, ಇಶಿರೊ ಹೊಂಡಾ ನಿರ್ದೇಶನದ ಚಿತ್ರವನ್ನು ಅವಸರದಲ್ಲಿ ಮುಗಿಸಿ 1964ರ ಡಿಸೆಂಬರ್ 20ರಂದು ಬಿಡುಗಡೆ ಮಾಡಿದರು.

ಆದರೆ ಕೆಲಸದಲ್ಲಿ ಅವಸರ ಕಾಣುವುದಿಲ್ಲ. ವಿಶೇಷ ದೃಶ್ಯಗಳ ಹೊಣೆ ಏಜಿ ತ್ಸುಬುರಾಯಾ ಅವರದು. ವೇಷದೊಳಗೆ ಇದ್ದವರು ಶೋಇಚಿ ಹಿರೋಸೆ ಒಬ್ಬರೇ. ಮೂರು ಕತ್ತು, ಎರಡು ರೆಕ್ಕೆ, ಎರಡು ಬಾಲಗಳನ್ನು ಮೇಲಿನಿಂದ ಪಿಯಾನೊ ತಂತಿಗಳಲ್ಲಿ ಬೇರೆಯವರು ಆಡಿಸಬೇಕು. ಮೂರು ತಲೆ ಒಂದೇ ಲಯದಲ್ಲಿ ತೂಗಿದರೆ ಜೀವ ಹೋಯಿತು. ಬೇರೆಬೇರೆಯಾಗಿ ಎಳೆದರೆ ತಂತಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ತಂತಿ ಬೆಳಕಿಗೆ ಮಿನುಗದಂತೆ ಹಿನ್ನೆಲೆಯ ಬಣ್ಣ ಬಳಿಯಬೇಕು.

ಇನ್ನೊಂದು ತೊಡಕು ತೂಕದ ಭ್ರಮೆ. 1/25 ಅಳತೆಯ ಕಟ್ಟಡ ಕುಸಿಯಲು ನಿಜವಾದ ಕಟ್ಟಡಕ್ಕೆ ಬೇಕಾದ ಕಾಲದ ಐದರಲ್ಲಿ ಒಂದು ಪಾಲು ಸಾಕು, ಏಕೆಂದರೆ ಬೀಳುವ ಕಾಲ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಲೆಕ್ಕದ ಪ್ರಕಾರ ಸೆಕೆಂಡಿಗೆ 24ರ ಬದಲು 120 ಫ್ರೇಮ್ (ಸ್ಥಿರಚಿತ್ರ) ತೆಗೆದು ನಿಧಾನಗತಿಯಲ್ಲಿ ತೋರಿಸಬೇಕು. ಅಷ್ಟಲ್ಲದಿದ್ದರೂ ಕ್ಯಾಮೆರಾವನ್ನು ಕೆಲವು ಪಟ್ಟು ವೇಗವಾಗಿ ಓಡಿಸದಿದ್ದರೆ ಎಲ್ಲವೂ ಆಟಿಕೆಯಂತೆ ಕಾಣುತ್ತದೆ. ವೇಗ ಹೆಚ್ಚಿದಂತೆ ಪ್ರತಿ ಫ್ರೇಮಿಗೆ ಬೀಳುವ ಬೆಳಕು ಕಡಿಮೆ, ಆದ್ದರಿಂದ ದೀಪಗಳು ಹೆಚ್ಚು, ರಬ್ಬರ್ ವೇಷದೊಳಗೆ ಕಾವೂ ಹೆಚ್ಚು. ಬಾಯಿಂದ ಚಿಮ್ಮುವ ಮಿಂಚು ಸೆಟ್ಟಿನಲ್ಲಿ ಇರುವುದೇ ಇಲ್ಲ. ಮೊದಲು ಸಿಡಿಮದ್ದು ಸಾಲಾಗಿ ಸಿಡಿಯುತ್ತದೆ, ಆಮೇಲೆ ಅದಕ್ಕೆ ಹೊಂದುವಂತೆ ಕಿರಣವನ್ನು ಬರೆದು ಕೂಡಿಸುತ್ತಾರೆ.

ಈ ಮೊದಲ ಗಿಡೋರಾಗೆ ಯಜಮಾನನಿಲ್ಲ. ಐದು ಸಾವಿರ ವರ್ಷದ ಹಿಂದೆ ಶುಕ್ರನ ನಾಗರಿಕತೆಯನ್ನು ಅಳಿಸಿ, ಉಲ್ಕೆಯೊಳಗೆ ಭೂಮಿಗೆ ಬಂದಿದೆ, ಅಷ್ಟೇ. ಬೇಡಿಕೆಯಿಲ್ಲ, ಸಂಧಾನವಿಲ್ಲ. ಆದ್ದರಿಂದಲೇ ದೈತ್ಯ ಪತಂಗ ಮೋತ್ರಾದ ಮರಿಹುಳು ಗಾಡ್ಜಿಲ್ಲಾ ಮತ್ತು ಹಾರುವ ರಾಕ್ಷಸ ರೋಡಾನ್‌ಗಳನ್ನು ಒಲಿಸಲು ಹೆಣಗುವ ದೃಶ್ಯಕ್ಕೆ ಅಷ್ಟು ಬಲ. ಮನುಷ್ಯರು ನಮ್ಮನ್ನು ಸದಾ ಕಾಡಿದ್ದಾರೆ, ಅವರನ್ನೇಕೆ ಉಳಿಸಬೇಕು ಎಂದು ಅವೆರಡೂ ನಿರಾಕರಿಸುತ್ತವೆ. ಮೋತ್ರಾ ಒಂಟಿಯಾಗಿ ಹೊರಟ ಮೇಲೆಯೇ ಅವು ಕದಲುವುದು.

ಒಂದೇ ವರ್ಷದಲ್ಲಿ ಆ ಭಯ ಕರಗಿತು. 1965ರ ಡಿಸೆಂಬರ್‌ನ ಚಿತ್ರದಲ್ಲಿ ಎಕ್ಸ್ ಗ್ರಹದವರು ವಿದ್ಯುತ್ಕಾಂತೀಯ ಅಲೆಗಳ ಮೂಲಕ ಗಿಡೋರಾವನ್ನು ಆಳುತ್ತಾರೆ, 1968ರಲ್ಲಿ ಕಿಲಾಕ್ ಎಂಬ ಅನ್ಯಗ್ರಹದವರು, 1972ರಲ್ಲಿ ಅದನ್ನು ಗೈಗನ್ ಎಂಬ ಇನ್ನೊಂದು ರಾಕ್ಷಸನ ಜೊತೆಗೂಡಿಸುವ ಬೇರೊಂದು ಪಡೆ. ಕಥೆಗೆ ಮಾತಾಡುವ ಖಳ ಸಿಕ್ಕ, ರಾಕ್ಷಸ ಬರೀ ಆಯುಧವಾಯಿತು. ಹಣವೂ ಬತ್ತುತ್ತಿತ್ತು: 1972ರ ಚಿತ್ರದಲ್ಲಿ ಹಳೆಯ ತುಣುಕುಗಳನ್ನು ಧಾರಾಳವಾಗಿ ತುರುಕಿದ್ದಾರೆ. 1991ರಲ್ಲಿ ಬಾಹ್ಯಾಕಾಶವೇ ಹೋಯಿತು. ಭವಿಷ್ಯದಿಂದ ಬಂದವರು ದ್ವೀಪವೊಂದರಲ್ಲಿ ಬಿಟ್ಟ ಮೂರು ಪುಟ್ಟ ಪ್ರಾಣಿಗಳು ಹೈಡ್ರೋಜನ್ ಬಾಂಬಿಗೆ ಸಿಕ್ಕಿ ಗಿಡೋರಾ ಆಗುತ್ತವೆ. ಅಣುಬಾಂಬಿನ ನೆನಪು ಮರಳಿತು, ಆದರೆ ಲಗಾಮು ಮತ್ತೆ ಇನ್ನೊಬ್ಬರ ಕೈಯಲ್ಲೇ.

1998ರಲ್ಲಿ, ತೊಂಬತ್ತರ ದಶಕದ ಮೋತ್ರಾ ಸರಣಿಯ ಮೂರನೆಯ ಚಿತ್ರದಲ್ಲಿ, ಅದು ಮತ್ತೆ ತಾನಾಗಿಯೇ ಆಕಾಶದಿಂದ ಇಳಿದು ಮಕ್ಕಳನ್ನು ಸೆಳೆದೊಯ್ಯುತ್ತದೆ. 1964ರದ್ದನ್ನು ನೋಡುವವರು ಜಪಾನಿ ಆವೃತ್ತಿಯನ್ನೇ ಹುಡುಕಿ. ಅಮೆರಿಕದ ಡಬ್ಬಿಂಗ್‌ನಲ್ಲಿ ದೃಶ್ಯಗಳನ್ನು ಕತ್ತರಿಸಿ ಜೋಡಿಸಿದ್ದಾರೆ, ಶುಕ್ರನನ್ನು ಮಂಗಳ ಮಾಡಿದ್ದಾರೆ.